ನೆಬ್ಯುಲೈಜರ್ ಕಪ್ಪಿಗೆ ನೀಲಗಿರಿ ಎಣ್ಣೆ ಬೇಡ

ಮಾನ್ಯರೇ,

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಕರಾವಳಿಯ ಮನೆಗಳಲ್ಲಿ ಶೀತದ ಹಿಂದೆಯೇ ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಜರ್ ಯಂತ್ರ ಕೂಡ ಕಪಾಟಿನಿಂದ ಇಳಿಯುತ್ತದೆ. ವೈದ್ಯರು ಬರೆದ ಔಷಧಿಯ ಜೊತೆ ‘ಸ್ವಲ್ಪ ತಂಪಿರಲಿ’ ಎಂದು ಎರಡು ಹನಿ ನೀಲಗಿರಿ ಎಣ್ಣೆಯನ್ನೋ ಮೆಂಥಾಲ್ ಹರಳನ್ನೋ ಹಾಕುವವರಿದ್ದಾರೆ. ಇನ್ನೊಂದೆಡೆ ‘ಬಿಸಿಯಾಗುವುದಿಲ್ಲ, ನಿಕೋಟಿನ್ ಇಲ್ಲ, ಬರೀ ಪುದೀನ’ ಎಂದು ಮಾರುವ ಉಸಿರೆಳೆಯುವ ಕೊಳವೆಗಳಿವೆ. ಬಿಸಿ ಇಲ್ಲದಿದ್ದರೆ ಅಪಾಯವೂ ಇಲ್ಲ ಎಂಬ ಒಂದೇ ತಪ್ಪೆಣಿಕೆ ಎರಡರಲ್ಲೂ ಇದೆ.

ಮೊದಲು ತಂಪಿನ ವಿಷಯ. ಮೆಂಥಾಲ್ ಏನನ್ನೂ ತಣ್ಣಗಾಗಿಸುವುದಿಲ್ಲ. ನರತುದಿಗಳಲ್ಲಿ ಟಿಆರ್‌ಪಿಎಂ8 ಎಂಬ ಗ್ರಾಹಕ, ಅಂದರೆ ಚಳಿಯನ್ನು ಗ್ರಹಿಸುವ ಪ್ರೋಟೀನ್ ಇದೆ. ನಿಜವಾದ ಚಳಿಗೆ ತೆರೆದುಕೊಳ್ಳುವ ಅದೇ ಬಾಗಿಲನ್ನು ಮೆಂಥಾಲ್ ತೆರೆಯುತ್ತದೆ. 2002ರಲ್ಲಿ ಇದನ್ನು ಬೇರೆಬೇರೆಯಾಗಿ ಗುರುತಿಸಿದ ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ತಾಪ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ 2021ರ ನೊಬೆಲ್ ಸಿಕ್ಕಿತು. ಮೆಂಥಾಲ್ ಮೂಸಿದಾಗ ಮೂಗು ಬಿಟ್ಟಂತೆ ಅನಿಸುತ್ತದೆ, ಆದರೆ ಗಾಳಿಯ ಹರಿವನ್ನು ಅಳೆದರೆ ಹೆಚ್ಚೇನೂ ಬದಲಾಗಿರುವುದಿಲ್ಲ. ಕೆರಳಿದ ಗಂಟಲಿಗೆ ಈ ತಂಪು ಮುಸುಕು ಹಾಕುವುದರಿಂದ ಉಸಿರು ಇನ್ನಷ್ಟು ಆಳಕ್ಕೆ ಎಳೆಯುವುದೂ ಸುಲಭವಾಗುತ್ತದೆ.

ಶಾಖವಿಲ್ಲದೆ ಸುವಾಸನೆ ಉಸಿರಿಗೆ ಸೇರಲು ಎರಡೇ ದಾರಿ. ಒಂದು, ತಾನಾಗಿ ಆವಿಯಾಗುವುದು. ಮೆಂಥಾಲ್, ಕರ್ಪೂರ, ನೀಲಗಿರಿ ಎಣ್ಣೆಗೆ ಆ ಗುಣವಿದೆ. ಮೂಗಿಗೆ ಹಿಡಿಯುವ ಇನ್‌ಹೇಲರ್ ಕಡ್ಡಿ ಕೆಲಸ ಮಾಡುವುದು ಹೀಗೆ. ತೂಕದಲ್ಲಿ ಸಮಪಾಲು ಮೆಂಥಾಲ್ ಮತ್ತು ಕರ್ಪೂರವನ್ನು ಗಾಜಿನ ಬಾಟಲಿಯಲ್ಲಿ ಕುಲುಕಿದರೆ ಎರಡೂ ಪುಡಿಗಳು ಬೆಂಕಿಯಿಲ್ಲದೆಯೇ ನೀರಾಗುತ್ತವೆ. ಅಮೃತಧಾರೆ ಎಂಬ ಮದ್ದಿನ ಗುಟ್ಟೂ ಇದೇ, ಅದರಲ್ಲಿ ಓಮದ ಸತ್ವವೂ ಸೇರುತ್ತದೆ. ಆ ದ್ರವಕ್ಕೆ ಕಾಲು ಭಾಗ ನೀಲಗಿರಿ ಎಣ್ಣೆ ಬೆರೆಸಿ, ಕಡ್ಡಿಯೊಳಗಿನ ಬತ್ತಿ ಹೀರುವಷ್ಟೇ ಹಾಕಿ, ಕಡ್ಡಿಯನ್ನು ತಲೆಕೆಳಗು ಹಿಡಿದರೂ ತೊಟ್ಟಿಕ್ಕದಂತೆ ನೋಡಬೇಕು. ತೊಟ್ಟಿಕ್ಕಿದರೆ ಮೂಗಿನ ಒಳಪೊರೆ ಉರಿಯುವುದು ಖಂಡಿತ. ಮೆಂಥಾಲ್ ಪ್ರಮಾಣ ವಿಪರೀತವಾದರೆ ಎಸಿ ಕೋಣೆಯಲ್ಲಿ ಬತ್ತಿಯ ಮೇಲೆ ಸೂಜಿಯಂಥ ಹರಳು ಕಟ್ಟಿ ವಾಸನೆಯೇ ಏಳುವುದಿಲ್ಲ. ಕಡ್ಡಿಯ ಕೊಳವೆ ಪಾಲಿಸ್ಟೈರಿನ್ ಪ್ಲಾಸ್ಟಿಕ್‌ನದಾದರೆ ನೀಲಗಿರಿ ಎಣ್ಣೆ ಅದನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ, ಪಾಲಿಪ್ರೊಪಿಲೀನ್ ಬೇಕು. ಪೂಜೆಯ ಕರ್ಪೂರ ಇದಕ್ಕೆ ಆಗದು, ಔಷಧ ದರ್ಜೆಯದೇ ಇರಬೇಕು. ಏಪ್ರಿಲ್‌ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟ ಕಡ್ಡಿ ಮುಚ್ಚಳದ ಅಂಚಿನಿಂದ ಸೋರುವುದೂ ಉಂಟು. ಎರಡು ವರ್ಷದೊಳಗಿನ ಮಕ್ಕಳ ಮೂಗಿನ ಹತ್ತಿರಕ್ಕೂ ಇದನ್ನು ತರಬಾರದು: ಮೆಂಥಾಲ್ ಆವಿಗೆ ಎಳೆಗೂಸಿನ ಗಂಟಲು ಬಿಗಿದು ಉಸಿರು ನಿಲ್ಲಬಹುದು. ಕರ್ಪೂರ ಹೊಟ್ಟೆಗೆ ಹೋದರಂತೂ ಅಪಸ್ಮಾರದಂಥ ಸೆಳೆತ ಬರುತ್ತದೆ, ಒಂದು ಗ್ರಾಂ ಕೂಡ ಎಳೆಯ ಮಗುವಿನ ಪ್ರಾಣಕ್ಕೆ ಕುತ್ತಾಗಬಹುದು.

ಎರಡನೆಯ ದಾರಿ, ದ್ರವವನ್ನು ಯಂತ್ರದಿಂದ ಹನಿಹನಿಯಾಗಿ ಒಡೆಯುವುದು. ತೊಡಕು ಶುರುವಾಗುವುದೇ ಇಲ್ಲಿ. ಡಬ್ಲ್ಯುಎಸ್-3, ಡಬ್ಲ್ಯುಎಸ್-23 ಎಂಬ ಕೃತಕ ತಂಪುಕಾರಕಗಳು ಪುದೀನ ವಾಸನೆಯಿಲ್ಲದೆ ತಂಪು ಕೊಡುತ್ತವೆ ಎಂದು ತಯಾರಕರಿಗೆ ಪ್ರಿಯ. ಆದರೆ ಅವು ಸುಲಭವಾಗಿ ಆವಿಯಾಗವು, ಬತ್ತಿಗೆ ಹಾಕಿದರೆ ಹೆಚ್ಚಿನಂಶ ಬತ್ತಿಯಲ್ಲೇ ಉಳಿಯುತ್ತದೆ. ಆದ್ದರಿಂದ ಅವನ್ನು ಪ್ರೊಪಿಲೀನ್ ಗ್ಲೈಕಾಲ್‌ನಂಥ ದ್ರಾವಕದಲ್ಲಿ ಕರಗಿಸಿ ಮಂಜಾಗಿ ಹಾರಿಸಬೇಕಾಗುತ್ತದೆ. 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಗಾತ್ರದ ಹನಿ ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ, ಅದಕ್ಕಿಂತ ದಪ್ಪದ್ದು ಬಹುಪಾಲು ಬಾಯಿ, ಗಂಟಲಲ್ಲೇ ಕೂರುತ್ತದೆ. ‘ತಿನ್ನಲು ಯೋಗ್ಯ’ ಎಂಬ ಪ್ರಮಾಣ ಹೊಟ್ಟೆಗೆ ಸಂಬಂಧಿಸಿದ್ದು, ಶ್ವಾಸಕೋಶಕ್ಕಲ್ಲ. ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್ ಇದಕ್ಕೆ ಸಾಕ್ಷಿ: ಪಾಪ್‌ಕಾರ್ನ್ ತಿಂದವರಿಗೆ ಏನೂ ಆಗಲಿಲ್ಲ, ಅಮೆರಿಕದ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದರ ಆವಿ ಕುಡಿದ ಹಲವು ಕೆಲಸಗಾರರ ಶ್ವಾಸನಾಳಗಳು ಶಾಶ್ವತವಾಗಿ ಕಟ್ಟಿಕೊಂಡವು.

ನೆಬ್ಯುಲೈಜರ್‌ನ ಲೆಕ್ಕವೂ ಹೀಗೇ. 1 ಲೀಟರ್ ನೀರಿನಲ್ಲಿ ಕರಗುವ ಮೆಂಥಾಲ್ ಅರ್ಧ ಗ್ರಾಂ ಆಸುಪಾಸು. ಕಪ್ಪಿನ 3 ಮಿ.ಲೀ. ಸಲೈನ್‌ಗೆ ಒಂದೂವರೆ ಮಿಲಿಗ್ರಾಂ ಕೂಡ ಹೆಚ್ಚೇ. ಅಕ್ಕಿಕಾಳಿನಷ್ಟು ಹರಳು ಅದರ ಹಲವು ಪಟ್ಟಾಯಿತು. ಉಳಿದದ್ದು ತೇಲುತ್ತದೆ, ಜಾಲರಿಯ ಮೂಲಕ ಮಂಜು ಮಾಡುವ ಮೆಷ್ ಯಂತ್ರದ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಎಣ್ಣೆ ಹನಿಯಾಗಿ ಒಳಹೋದರೆ ಶ್ವಾಸನಾಳ ಕೆರಳಿ ಬಿಗಿಯಬಹುದು, ಆಸ್ತಮಾ ಇದ್ದವರಿಗಂತೂ ವಿಷಮ. ಅಡುಗೆ ಎಣ್ಣೆ, ತುಪ್ಪದಂಥ ಜಿಡ್ಡಾದರೆ ಅಲ್ಲೇ ಉಳಿದು ಲಿಪಾಯ್ಡ್ ನ್ಯುಮೋನಿಯಾ, ಅಂದರೆ ಜಿಡ್ಡಿನಿಂದಾಗುವ ಶ್ವಾಸಕೋಶದ ಉರಿಯೂತ ತರಬಹುದು. ಎಣ್ಣೆ ಹಾಕಿ ಆಗಿದ್ದರೆ ಕಪ್, ಮಾಸ್ಕ್, ಪೈಪ್ ಬದಲಿಸುವುದೇ ಸರಿ, ಸೋಪಿಗೆ ಆ ವಾಸನೆ ಪೂರ್ತಿ ಬಿಡುವುದಿಲ್ಲ.

ಇನ್ನು ಕಾನೂನು. 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯ ವ್ಯಾಖ್ಯೆ ಶುರುವಾಗುವುದೇ ‘ಪದಾರ್ಥವನ್ನು ಬಿಸಿ ಮಾಡುವ’ ಸಾಧನ ಎಂದು. ‘ಬಿಸಿ ಇಲ್ಲ’ ಎಂಬ ಜಾಹೀರಾತಿನ ಒತ್ತು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಕಿವಿಗೆ ಕೇಳದಷ್ಟು ವೇಗದ ಕಂಪನದಿಂದ ಮಂಜು ಮಾಡುವ ಅಲ್ಟ್ರಾಸಾನಿಕ್ ಸಾಧನದಲ್ಲಿ ಕಂಪನದಿಂದಲೇ ದ್ರವ ಬೆಚ್ಚಗಾಗುತ್ತದೆ ಎಂಬುದನ್ನು ಈ ಮಾರಾಟಗಾರರು ಹೇಳುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಔಷಧ ನಿಯಂತ್ರಣ ಅಧಿಕಾರಿಗಳು ಇಂಥ ಕೊಳವೆಗಳ ಮಾದರಿ ಎತ್ತಿ, ಒಳಗಿನ ದ್ರವದ ಸಂಯೋಜನೆ, ಔಷಧ ಪರವಾನಗಿ ಇದೆಯೇ ಎಂಬುದನ್ನು ಪರಿಶೀಲಿಸಲಿ. ಶಾಲೆ, ಕಾಲೇಜುಗಳ ಎದುರಿನ ಅಂಗಡಿಗಳಿಂದಲೇ ಶುರು ಮಾಡಿದರೆ ಒಳ್ಳೆಯದು.

— ಔಷಧ ತಯಾರಿಕಾ ವಿಷಯದ ಅಧ್ಯಾಪಕರು, ಮಂಗಳೂರು