ಅಜ್ಜಿಯ ಕೋಣೆಯ ನೆಲ ಮತ್ತು ಕರೆಂಟ್ ಬಿಲ್ಲು

ಲೀಡ್ಸ್, ಇಂಗ್ಲೆಂಡ್
ನವೆಂಬರ್ 2025

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮ, ಅಜ್ಜಿ ಮತ್ತು ತಮ್ಮ ಕ್ಷೇಮವಾಗಿದ್ದಾರೆಂದು ನಂಬಿದ್ದೇನೆ. ಅಜ್ಜಿಯ ಕೋಣೆಗೆ ಟೈಲ್ಸ್ ಹಾಕಿಸುವಾಗ ಅದರಡಿಯಲ್ಲಿ ಕರೆಂಟಿನ ಹೀಟಿಂಗ್ ಮ್ಯಾಟ್ ಹಾಸಿದರೆ ಮಳೆಗಾಲದ ಥಂಡಿ ಅವರ ಕಾಲಿಗೆ ತಟ್ಟುವುದಿಲ್ಲವೆಂದು ಮಡಿಕೇರಿಯ ಮೇಸ್ತ್ರಿ ಹೇಳಿದ್ದನ್ನು ಬರೆದು, ನಮ್ಮ ಅಡುಗೆಮನೆಯಲ್ಲಿ ಅಂಥದ್ದೇ ಇರುವುದರಿಂದ ತಿಂಗಳಿಗೆ ಎಷ್ಟು ಖರ್ಚಾಗುತ್ತದೆಂದು ಕೇಳಿದ್ದೀರಿ. ಫೋನಿನಲ್ಲಿ ಹೇಳಿದರೆ ಲೆಕ್ಕ ತಪ್ಪಿಹೋಗುತ್ತದೆಂದು ಪತ್ರದಲ್ಲೇ ಬರೆಯುತ್ತಿದ್ದೇನೆ.

ಈ ಮ್ಯಾಟುಗಳು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 150 ವ್ಯಾಟ್ ಎಳೆಯುತ್ತವೆ. ನಮ್ಮ ಅಡುಗೆಮನೆಯಲ್ಲಿ 10 ಚದರ ಮೀಟರ್ ಹಾಸಿರುವುದರಿಂದ ಒಟ್ಟು ಒಂದೂವರೆ ಕಿಲೋವ್ಯಾಟ್ ಆಯಿತು. ಆದರೆ ಆ ಅಂಕಿಯೊಂದನ್ನೇ ನೋಡಿ ಬಿಲ್ಲು ಊಹಿಸಲಾಗದು. ಖರ್ಚನ್ನು ತೀರ್ಮಾನಿಸುವುದು ಅದು ಎಷ್ಟು ಹೊತ್ತು ಕರೆಂಟ್ ಎಳೆಯುತ್ತದೆಂಬುದು. ಇಲ್ಲಿನ ಮೀಟರಿನ ಜೊತೆ, ಮನೆ ಆ ಕ್ಷಣ ಎಷ್ಟು ಕರೆಂಟ್ ಎಳೆಯುತ್ತಿದೆಯೆಂದು ತೋರಿಸುವ, ಗೋಡೆಗೆ ಒರಗಿಸಿಡುವ ಒಂದು ಪುಟ್ಟ ಪರದೆ ಕೊಟ್ಟಿದ್ದಾರೆ. ಬೆಳಿಗ್ಗೆ ಆರಕ್ಕೆ ನೆಲ ಚಾಲೂ ಆದೊಡನೆ ಅದರಲ್ಲಿ 0.3 ಇದ್ದದ್ದು 1.8 ಕಿಲೋವ್ಯಾಟಿಗೆ ಹಾರುತ್ತದೆ. ಟೈಲ್ಸ್ 26 ಡಿಗ್ರಿ ಮುಟ್ಟಿದ ಮೇಲೆ ಥರ್ಮೋಸ್ಟ್ಯಾಟ್ ಕಡಿತ ಮಾಡಿ, ಮತ್ತೆ ನೆಲ ತಣಿದಾಗ ಮಾತ್ರ ಕರೆಂಟ್ ಬಿಡುತ್ತದೆ. ಹೀಗೆ ಬೆಳಿಗ್ಗೆ ಮತ್ತು ಸಂಜೆ ಸೇರಿ ಐದು ಗಂಟೆ ಇಟ್ಟರೂ ದಿನಕ್ಕೆ ನಾಲ್ಕೂವರೆ ಯೂನಿಟ್ಟಿನಷ್ಟೇ ಓಡುತ್ತದೆ. ಇಲ್ಲಿ ಈಗ ಯೂನಿಟ್ಟಿಗೆ ಸುಮಾರು 26 ಪೆನ್ನಿ ಇರುವುದರಿಂದ ತಿಂಗಳಿಗೆ 35 ಪೌಂಡ್, ಅಂದರೆ ನಮ್ಮ ನಾಲ್ಕು ಸಾವಿರ ರೂಪಾಯಿಯ ಹತ್ತಿರ, ಆ ಒಂದು ನೆಲಕ್ಕೇ ಹೋಗುತ್ತದೆ. ಗ್ಯಾಸಿನ ಯೂನಿಟ್ ಆರು ಪೆನ್ನಿ ಚಿಲ್ಲರೆಗೆ ಸಿಗುವುದರಿಂದ ಇಲ್ಲಿಯ ಹೆಚ್ಚಿನವರು ಮನೆಯನ್ನೆಲ್ಲ ಗ್ಯಾಸಿನಲ್ಲಿ ಕಾಯಿಸುತ್ತಾರೆ. ಕರೆಂಟಿನ ನೆಲವನ್ನು ಸ್ನಾನದ ಮನೆಗೋ ಅಡುಗೆಮನೆಗೋ ಮಾತ್ರ ಹಾಕಿಸಿಕೊಳ್ಳುತ್ತಾರೆ.

ಈಗ ಊರಿನ ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ಮಂಚ, ಬೀರು ಇರುವ ಜಾಗ ಬಿಟ್ಟರೆ ಅಜ್ಜಿಯ ಕೋಣೆಯಲ್ಲಿ 8 ಚದರ ಮೀಟರ್ ಹಾಸಬಹುದು; ಅದು 1200 ವ್ಯಾಟ್. ದಿನಕ್ಕೆ ಎಂಟು ಗಂಟೆ ಇಟ್ಟು, ಅದರಲ್ಲಿ ಅರ್ಧ ಹೊತ್ತು ಮಾತ್ರ ಕರೆಂಟ್ ಎಳೆಯಿತೆಂದುಕೊಂಡರೆ ತಿಂಗಳಿಗೆ 144 ಯೂನಿಟ್. ತೆರಿಗೆ, ಸರ್ಚಾರ್ಜು ಸೇರಿಸಿ ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೆ 936 ರೂಪಾಯಿ. ಇಷ್ಟೇ ತಾನೇ ಎಂದು ಮೇಸ್ತ್ರಿ ಹೇಳಿರಬಹುದು. ಆದರೆ ನಮ್ಮ ಮನೆಗೆ ಗೃಹಜ್ಯೋತಿ ಇದೆ, ತಿಂಗಳಿಗೆ 90 ಯೂನಿಟ್ಟಿನ ಒಳಗೇ ಮುಗಿಯುವುದರಿಂದ ನೀವು ಈಗ ಬಿಲ್ಲನ್ನೇ ಕಟ್ಟುತ್ತಿಲ್ಲ. ಅದಕ್ಕೆ 144 ಸೇರಿದರೆ 234 ಆಗುತ್ತದೆ. 200 ದಾಟಿದ ತಿಂಗಳು ರಿಯಾಯಿತಿ ಪೂರ್ತಿ ಹೋಗಿ, ಎಲ್ಲ ಯೂನಿಟ್ಟಿಗೂ ಹಣ ಕಟ್ಟಬೇಕು. ಆಗ 1,500 ರೂಪಾಯಿಗೂ ಮೇಲಾಗುತ್ತದೆ, ಅದರ ಮೇಲೆ ನಿಗದಿತ ಶುಲ್ಕ ಬೇರೆ. ಆ ಶುಲ್ಕವು ಮಂಜೂರಾದ ಲೋಡಿನ ಮೇಲೆ ನಿಂತಿರುವುದರಿಂದ, ಮ್ಯಾಟಿಗೆಂದು ಲೋಡ್ ಹೆಚ್ಚಿಸಿಕೊಂಡರೆ ಬೇಸಿಗೆಯ ಬಿಲ್ಲಿನಲ್ಲೂ ಅದು ಸೇರಿಕೊಳ್ಳುತ್ತದೆ.

ಅರ್ಧ ಹೊತ್ತು ಎಂದು ನಾನು ಹಿಡಿದದ್ದು ಕೂಡ ನಮ್ಮ ಕೋಣೆಗೆ ಹೊಂದುತ್ತದೆಂಬ ಭರವಸೆ ನನಗಿಲ್ಲ. ಹಂಚಿನ ಸಂದಿಯಲ್ಲಿ ಗಾಳಿ ಆಡುವ, ಮುಚ್ಚಿಗೆಯಿಲ್ಲದ ಕೋಣೆಯಲ್ಲಿ ಕಾವು ನಿಲ್ಲುವುದಿಲ್ಲ. ಥರ್ಮೋಸ್ಟ್ಯಾಟ್ ಕಡಿತವಾಗುವ ಪ್ರಸಂಗವೇ ಬಾರದೆ ಯೂನಿಟ್ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಕೆಳಗಿನ ಕಾಂಕ್ರೀಟಿಗೂ ಮ್ಯಾಟಿಗೂ ನಡುವೆ 10 ಮಿಲಿಮೀಟರಿನ ಇನ್ಸುಲೇಷನ್ ಬೋರ್ಡ್ ಹಾಕದಿದ್ದರೆ ಮೊದಲು ಕಾಯುವುದು ಅಜ್ಜಿಯ ಪಾದವಲ್ಲ, ಅಡಿಯ ಮಣ್ಣು. ಮೇಸ್ತ್ರಿಯ ಸಾಮಾನಿನ ಪಟ್ಟಿಯಲ್ಲಿ ಆ ಬೋರ್ಡು ಇಲ್ಲದಿರುವುದನ್ನು ನೋಡಿ ನನಗೆ ನಿಜವಾಗಿ ಬೇಸರವಾಯಿತು. ಬೋರ್ಡಿನ ದುಡ್ಡು ಉಳಿಸಿ, ಪ್ರತಿ ತಿಂಗಳೂ ಕರೆಂಟಿನ ದುಡ್ಡನ್ನು ಮಣ್ಣಿಗೆ ಸುರಿಯುವ ಕೆಲಸ ಅದು.

ಇನ್ನೊಂದು ಮಾತು. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ನೆಲ ಬೆಚ್ಚಗಿರಬೇಕಾದದ್ದು ಅದೇ ದಿನಗಳಲ್ಲಿ. ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿ ಹೆಚ್ಚೆಂದರೆ 1.8 ಯೂನಿಟ್ ಹಿಡಿಯುವಂಥದ್ದು; 1200 ವ್ಯಾಟಿನ ನೆಲಕ್ಕೆ ಅದು ಸಾಲುವುದೇ ಇಲ್ಲ.

ಹಾಗೆಂದು ಅಜ್ಜಿಗೆ ಬೆಚ್ಚಗಿನ ನೆಲ ಬೇಡವೆಂದು ನಾನು ಹೇಳುವುದಿಲ್ಲ, ಅವರಿಗೆ ಅದು ಸಿಗಲೇಬೇಕು. ಕೋಣೆಯನ್ನೆಲ್ಲ ಬಿಟ್ಟು, ಅವರು ಮಂಚದಿಂದ ಕಾಲಿಳಿಸುವ ಕಡೆಯಿಂದ ಕಿಟಕಿಯ ಬಳಿಯ ಕುರ್ಚಿಯವರೆಗೆ 2 ಚದರ ಮೀಟರಿನ ಒಂದು ಪಟ್ಟಿ ಮಾತ್ರ ಹಾಸಿಸಿ. ಅದು 300 ವ್ಯಾಟ್. ದಿನಕ್ಕೆ ಆರು ಗಂಟೆ ಒಂದೇ ಸಮನೆ ಎಳೆದರೂ ತಿಂಗಳಿಗೆ 54 ಯೂನಿಟ್; ಮನೆಯ ಒಟ್ಟು ಬಳಕೆ 144ರಲ್ಲೇ ನಿಲ್ಲುವುದರಿಂದ, ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಗೊತ್ತುಪಡಿಸಿದ ಉಚಿತ ಯೂನಿಟ್ಟಿಗಿಂತ ಹೆಚ್ಚಾದದ್ದಕ್ಕೆ ಮಾತ್ರ ಸುಮಾರು 350 ರೂಪಾಯಿ ಕಟ್ಟಿದರೆ ಸಾಕು. ಉಳಿದ ಮ್ಯಾಟಿನ ಹಣದಲ್ಲಿ ಮರದ ಮುಚ್ಚಿಗೆ ಮಾಡಿಸಿ. ಅದಕ್ಕೆ ತಿಂಗಳ ಬಿಲ್ಲು ಇರುವುದಿಲ್ಲ, ಕರೆಂಟ್ ಹೋದ ದಿನವೂ ಕೋಣೆಯ ಕಾವನ್ನು ಹಿಡಿದಿಡುತ್ತದೆ.

ಆ ಪಟ್ಟಿಯ ಮೇಲೆ ಅಜ್ಜಿಯ ಜಮಖಾನವನ್ನು ಹಾಸಬಾರದೆಂದು ಅಮ್ಮನಿಗೆ ದಯವಿಟ್ಟು ತಿಳಿಸಿ. ದಪ್ಪ ಬಟ್ಟೆಯಡಿ ಕಾವು ಕಟ್ಟಿಕೊಂಡು ವಯರು ಕೆಡಬಹುದು, ಕಾಲಿಗೂ ಬಿಸಿ ಬರುವುದಿಲ್ಲ. ಟೈಲ್ಸ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ವಯರಿನ ರೆಸಿಸ್ಟೆನ್ಸ್ ಅಳೆದು ಬರೆದಿಡಲಿ. ಆಮೇಲೆ ತುಂಡಾದದ್ದು ತಿಳಿದರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ಅರ್ತಿಂಗ್ ಸರಿಯಿರುವುದನ್ನೂ, ಆ ಲೈನಿಗೆ, ಕರೆಂಟ್ ಸೋರಿದೊಡನೆ ಲೈನನ್ನು ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇರುವುದನ್ನೂ ನೀವೇ ಎದುರು ನಿಂತು ನೋಡಬೇಕೆಂದು ನನ್ನ ಪ್ರಾರ್ಥನೆ.

ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಲ್ಲುಗಳ ಫೋಟೋವನ್ನೂ ಮಂಚದಿಂದ ಕಿಟಕಿಗಿರುವ ಅಳತೆಯನ್ನೂ ತಮ್ಮನಿಂದ ಕಳುಹಿಸಿಕೊಡಿ. ಅವು ಕೈಸೇರಿದ ಕೂಡಲೇ ಎಷ್ಟು ಉದ್ದದ ಮ್ಯಾಟ್ ಬೇಕೆಂದು ಬರೆಯುತ್ತೇನೆ. ಅಲ್ಲಿಯವರೆಗೆ ಮೇಸ್ತ್ರಿಗೆ ಮುಂಗಡ ಕೊಡಬೇಡಿ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು