ಮಗಳಿಗೊಂದು ಪತ್ರ: ನಿನ್ನ ಯೂನಿಟ್ ನಿನಗೆ, ಅವಳ ಯೂನಿಟ್ ಅವಳಿಗೆ

ಪ್ರೀತಿಯ ಪುಟ್ಟಿ,

ನಿನ್ನ ಗೆಳತಿಗೆ ದಿನಕ್ಕೆ 22 ಯೂನಿಟ್ ಇನ್ಸುಲಿನ್ ಸಾಕು, ನಿನಗೆ 44 ಬೇಕು. ಇಬ್ಬರ ತೂಕವೂ ಹೆಚ್ಚುಕಮ್ಮಿ 52 ಕಿಲೋ, ಇಬ್ಬರದ್ದೂ ಟೈಪ್ 1 ಮಧುಮೇಹ. "ಹಾಗಾದರೆ ನನ್ನ ಕಾಯಿಲೆ ಅವಳದ್ದಕ್ಕಿಂತ ಎರಡು ಪಟ್ಟು ಜೋರಾ?" ಅಂತ ಕೇಳಿದ್ದೀಯ. ಖಂಡಿತ ಇಲ್ಲ. ಯೂನಿಟ್ ಹೆಚ್ಚಿದ್ದ ಮಾತ್ರಕ್ಕೆ ಕಾಯಿಲೆ ಜೋರು ಅಂತಲ್ಲ, ಕಡಿಮೆ ಇದ್ದರೆ ಸೌಮ್ಯ ಅಂತಲೂ ಅಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಮೊದಲು ದಿನದ ಒಟ್ಟು ಡೋಸನ್ನು ತೂಕದಿಂದ ಭಾಗಿಸಿ ನೋಡು. ನಿನ್ನದು ಕಿಲೋಗೆ 0.85 ಯೂನಿಟ್, ಅವಳದ್ದು 0.42. ಟೈಪ್ 1 ಇರುವ ದೊಡ್ಡವರಲ್ಲಿ ಸಾಮಾನ್ಯವಾಗಿ ಇದು 0.4ರಿಂದ 1ರ ನಡುವೆ ಇರುತ್ತದೆ. ಅಂದರೆ ಇಬ್ಬರೂ ಮಾಮೂಲಿ ಗಡಿಯೊಳಗೇ ಇದ್ದೀರಿ. ಹರೆಯಕ್ಕೆ ಬರುವ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಇನ್ಸುಲಿನ್‌ಗೆ ಎದುರಾಗಿ ನಿಲ್ಲುವುದರಿಂದ 1 ದಾಟಿ 1.5ರವರೆಗೂ ಹೋಗುವುದುಂಟು. ಆ ವಯಸ್ಸು ದಾಟಿದ ಮೇಲೆ ತಾನಾಗಿ ಇಳಿಯುತ್ತದೆ. ಹದಿನಾಲ್ಕರ ವಯಸ್ಸಿನ ಡೋಸನ್ನೇ ಇಪ್ಪತ್ತರಲ್ಲೂ ಹಿಡಿದುಕೊಂಡು ಕೂತರೆ ಪದೇ ಪದೇ ಲೋ (ಶುಗರ್ ತೀರಾ ಕೆಳಗಿಳಿಯುವುದು) ಆಗುವುದು ಖಚಿತ.

ಗೆಳತಿಗೆ ಕಾಯಿಲೆ ಪತ್ತೆಯಾಗಿ ಕೆಲವೇ ತಿಂಗಳಾಗಿದೆ ಅಂದೆಯಲ್ಲ, ಉತ್ತರದ ದೊಡ್ಡ ಭಾಗ ಅಲ್ಲೇ ಇದೆ. ಟೈಪ್ 1 ಶುರುವಾದಾಗ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳೆಲ್ಲ ಒಮ್ಮೆಗೇ ಸಾಯುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಸಿಕ್ಕಿ ಸಕ್ಕರೆ ಇಳಿದಾಗ ಉಳಿದ ಕೋಶಗಳು ಸ್ವಲ್ಪ ಚೇತರಿಸಿಕೊಂಡು ಮತ್ತೆ ಕೆಲಸ ಮಾಡುತ್ತವೆ. ಡಾಕ್ಟರುಗಳು ಇದನ್ನು ಹನಿಮೂನ್ ಅವಧಿ ಅನ್ನುತ್ತಾರೆ. ಆಗ ಕಿಲೋಗೆ ಅರ್ಧ ಯೂನಿಟ್‌ಗಿಂತ ಕಡಿಮೆಯಲ್ಲೇ ಶುಗರ್ ಹಿಡಿತದಲ್ಲಿರುತ್ತದೆ. ಕೆಲವರಿಗೆ ಇದು ಕೆಲವು ತಿಂಗಳು, ಕೆಲವರಿಗೆ ವರ್ಷದ ಮೇಲೆ. ಈ ಹೊತ್ತಿನಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ಕಾಯಿಲೆ ವಾಸಿಯಾಯಿತು ಅಂದುಕೊಂಡು ಸೂಜಿ ನಿಲ್ಲಿಸುವುದು. ನಿಲ್ಲಿಸಿದರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಹುಟ್ಟುವ ಆಮ್ಲ) ಏರಿ ತುರ್ತು ಚಿಕಿತ್ಸೆಗೆ ಓಡಬೇಕಾಗುತ್ತದೆ. ಅವಳಿಗೆ ಇದನ್ನು ಮರೆಯದೆ ಹೇಳು. ದೇಹ ಸ್ವಂತ ಇನ್ಸುಲಿನ್ ಎಷ್ಟು ಮಾಡುತ್ತಿದೆ ಅಂತ ತಿಳಿಯಲು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಇದೆ. ಚುಚ್ಚಿಕೊಂಡ ಇನ್ಸುಲಿನ್ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಟೈಪ್ 2 ಇರುವ ಹಿರಿಯರೊಬ್ಬರು 90 ಯೂನಿಟ್ ತೆಗೆದುಕೊಳ್ಳುತ್ತಾರೆ ಅಂತ ಕೇಳಿ ನೀನು ಬೆರಗಾಗಿದ್ದೆ. ಅವರ ದೇಹದಲ್ಲಿ ಇನ್ಸುಲಿನ್ ಇದ್ದರೂ ಸ್ನಾಯು, ಲಿವರ್, ಕೊಬ್ಬು ಅದರ ಮಾತು ಕೇಳುವುದಿಲ್ಲ, ಇದೇ ಇನ್ಸುಲಿನ್ ಪ್ರತಿರೋಧ. ಒಂದೇ ಪ್ರಮಾಣದ ಇನ್ಸುಲಿನ್‌ಗೆ ಕೆಲವರ ದೇಹ ಚೆನ್ನಾಗಿ ಸ್ಪಂದಿಸುತ್ತದೆ, ಕೆಲವರದ್ದು ಸ್ಪಂದಿಸುವುದಿಲ್ಲ ಅಂತ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯ 1936ರಲ್ಲೇ ತೋರಿಸಿದ್ದ. ಟೈಪ್ 2ರಲ್ಲಿ ಸಾಮಾನ್ಯವಾಗಿ ದಿನಕ್ಕೆ 10 ಯೂನಿಟ್ ಅಥವಾ ಕಿಲೋಗೆ 0.1ರಿಂದ 0.2 ಯೂನಿಟ್ ಬೇಸಲ್‌ನಿಂದ (ಊಟಕ್ಕೆ ಸಂಬಂಧವಿಲ್ಲದೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ಶುರುಮಾಡುತ್ತಾರೆ. ಪ್ರತಿರೋಧ ಜೋರಾಗಿದ್ದವರಿಗೆ ಕಿಲೋಗೆ 1, ಅಪರೂಪಕ್ಕೆ 2 ಯೂನಿಟ್ ಕೂಡ ಬೇಕಾಗುತ್ತದೆ. ಅದನ್ನು ನಿನ್ನ 44ರ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವೇ ಇಲ್ಲ.

ಈಗ ಮುಖ್ಯವಾದ ಮಾತು. ಡೋಸ್ ಬೇರೆ ಬೇರೆ ಅಂದರೆ ಒಂದು ಯೂನಿಟ್ ಮಾಡುವ ಕೆಲಸವೂ ಬೇರೆ ಬೇರೆ. ಅಂದಾಜಿಗೆ ಎರಡು ಸೂತ್ರಗಳಿವೆ. 500ನ್ನು ದಿನದ ಒಟ್ಟು ಡೋಸಿನಿಂದ ಭಾಗಿಸಿದರೆ ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ನಿಭಾಯಿಸುತ್ತದೆ ಅಂತ ಸಿಗುತ್ತದೆ. 1800ನ್ನು ಭಾಗಿಸಿದರೆ ಒಂದು ಯೂನಿಟ್ ಶುಗರನ್ನು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಇಳಿಸುತ್ತದೆ ಅಂತ. ನಿನಗೆ ಸುಮಾರು 11 ಗ್ರಾಂ ಮತ್ತು 41. ಅವಳಿಗೆ 23 ಗ್ರಾಂ ಮತ್ತು 82. ಇಬ್ಬರೂ 60 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಒಂದೇ ಊಟ ಮಾಡುತ್ತೀರಿ ಅಂದುಕೋ. ನಿನಗೆ ಐದೂವರೆ ಯೂನಿಟ್, ಅವಳಿಗೆ ಎರಡೂವರೆ. ನಿನ್ನನ್ನು ನೋಡಿಕೊಂಡು ಅವಳೂ ಐದೂವರೆ ಹಾಕಿದಳೋ, ಮೂರು ಯೂನಿಟ್ ಹೆಚ್ಚಾಯಿತು. ಒಂದೊಂದೂ 82 ಇಳಿಸುವ ಶಕ್ತಿಯದು, ಅಂದರೆ 246ರಷ್ಟು ಹೆಚ್ಚುವರಿ ಇಳಿತ. ಪ್ರಜ್ಞೆ ತಪ್ಪುವ ಮಟ್ಟದ ಅಪಾಯ ಅದು. ಅವಳ ಲೆಕ್ಕ ನೀನು ಅನುಸರಿಸಿದರೆ ಮೂರು ಯೂನಿಟ್ ಕಡಿಮೆಯಾಗಿ ಶುಗರ್ 120ರಷ್ಟು ಹೆಚ್ಚು ಏರಬಹುದು. ಅಂದಹಾಗೆ, ಈ ಸೂತ್ರಗಳು ಬರೀ ಆರಂಭದ ಊಹೆ. ನಿನ್ನ ಬೆಳಗಿನ ಅನುಪಾತವೂ (ಒಂದು ಯೂನಿಟ್‌ಗೆ ಎಷ್ಟು ಗ್ರಾಂ ಎಂಬ ಲೆಕ್ಕ) ರಾತ್ರಿಯ ಅನುಪಾತವೂ ಒಂದೇ ಇರಬೇಕು ಅಂತಿಲ್ಲ. ಬಹಳ ಜನರಿಗೆ ಬೆಳಗಿನ ತಿಂಡಿಗೇ ಹೆಚ್ಚು ಯೂನಿಟ್ ಬೇಕಾಗುತ್ತದೆ. ನಸುಕಿನಲ್ಲಿ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಏರಿ ಲಿವರ್ ಸಕ್ಕರೆ ಬಿಡುವುದೇ ಕಾರಣ.

ನಿನ್ನ ಲೆಕ್ಕವೇ ಈ ವಾರ ಒಂದು, ಮುಂದಿನ ವಾರ ಇನ್ನೊಂದು ಆಗುತ್ತದಲ್ಲ, ಅದಕ್ಕೂ ಕಾರಣಗಳಿವೆ. ಮುಟ್ಟಿಗೆ ಮೂರು ನಾಲ್ಕು ದಿನ ಮುಂಚೆ ಹಲವರಿಗೆ ಬೇಡಿಕೆ ಏರುತ್ತದೆ, ಸ್ರಾವ ಶುರುವಾದ ಕೂಡಲೇ ಇಳಿಯುತ್ತದೆ. ಏರಿದಾಗ ಹೆಚ್ಚಿಸಿದ ಡೋಸನ್ನು ಇಳಿಸಲು ಮರೆತರೆ ಮೊದಲ ದಿನವೇ ಲೋ. ಎಲ್ಲರಿಗೂ ಹೀಗಾಗುವುದಿಲ್ಲ, ಮೂರು ತಿಂಗಳು ತಾರೀಖು ಹಾಕಿ ಬರೆದರೆ ನಿನ್ನದು ಯಾವ ಬಗೆ ಅಂತ ತಿಳಿಯುತ್ತದೆ. ನಡಿಗೆ, ಸೈಕಲ್‌ನಂಥ ದೀರ್ಘ ವ್ಯಾಯಾಮದಲ್ಲಿ ಸ್ನಾಯುಗಳು ಇನ್ಸುಲಿನ್ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತವೆ. ಅದರ ಪರಿಣಾಮ ಒಂದು ದಿನ, ಕೆಲವೊಮ್ಮೆ ಎರಡು ದಿನ ಉಳಿಯುತ್ತದೆ. ಸಂಜೆ ಆಡಿ ಬಂದ ಹುಡುಗಿಗೆ ರಾತ್ರಿ ಎರಡು ಗಂಟೆಗೆ ಲೋ ಆಗುವುದು ಇದರಿಂದಲೇ. ಓಟದ ಸ್ಪರ್ಧೆ, ಭಾರ ಎತ್ತುವುದು ಇವುಗಳಲ್ಲಿ ಅಡ್ರಿನಲಿನ್ ನುಗ್ಗಿ ಶುಗರ್ ಮೊದಲು ಏರಲೂಬಹುದು. ಆ ಏರಿಕೆಗೆ ಪೂರ್ತಿ ಡೋಸ್ ಹಾಕಬೇಡ, ಒಂದೆರಡು ಗಂಟೆಯಲ್ಲಿ ಬಹುತೇಕ ತಾನೇ ಇಳಿಯುತ್ತದೆ.

ಜ್ವರ ಬಂದಾಗಿನದ್ದು ಗಟ್ಟಿಯಾಗಿ ನೆನಪಿಟ್ಟುಕೋ. ಊಟ ಸೇರದಿದ್ದರೂ ಇನ್ಸುಲಿನ್ ಬೇಡಿಕೆ ಹೆಚ್ಚೇ ಆಗುತ್ತದೆ. ಊಟವಿಲ್ಲ ಅಂತ ಬೇಸಲ್ ನಿಲ್ಲಿಸಲೇಬಾರದು. ಶುಗರ್ 250 ದಾಟಿ ಇಳಿಯದಿದ್ದರೆ ಕೀಟೋನ್ ನೋಡು. ರಕ್ತದಲ್ಲಿ ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 1.5 ದಾಟಿದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡು. 3 ಮುಟ್ಟಿದರೆ, ಅಥವಾ ವಾಂತಿ ನಿಲ್ಲದಿದ್ದರೆ, ನೇರ ಆಸ್ಪತ್ರೆ. ಸ್ಟೆರಾಯ್ಡ್ ಮಾತ್ರೆಯೂ ಬೇಡಿಕೆಯನ್ನು ಜೋರಾಗಿ ಏರಿಸುತ್ತದೆ, ವಿಶೇಷವಾಗಿ ಮಧ್ಯಾಹ್ನದ ನಂತರ. ಕಿಡ್ನಿ ಸೋತವರಲ್ಲಿ ಇನ್ಸುಲಿನ್ ದೇಹದಿಂದ ಬೇಗ ಹೊರಹೋಗದೆ ಬೇಡಿಕೆ ಇಳಿಯುತ್ತದೆ. ಯಾವ ಕಾರಣವೂ ಕಾಣದೆ ನಿನ್ನ ಡೋಸ್ ಇಳಿಯುತ್ತಾ ಹೋದರೆ ಖುಷಿಪಡುವ ಮೊದಲು ಥೈರಾಯ್ಡ್, ಅಡ್ರಿನಲ್ ಗ್ರಂಥಿ, ಸೀಲಿಯಾಕ್ (ಗೋಧಿಯ ಅಂಟು ಒಗ್ಗದ ಕರುಳಿನ ಕಾಯಿಲೆ) ಪರೀಕ್ಷೆಗಳ ಬಗ್ಗೆ ಕೇಳು. ಟೈಪ್ 1 ಇರುವವರಲ್ಲಿ ಇವು ಜೊತೆಗೂಡುವುದುಂಟು.

ಇನ್ನು ಕೆಲವು ಸಲ ದೇಹದ ಬೇಡಿಕೆ ಬದಲಾಗಿಯೇ ಇರುವುದಿಲ್ಲ, ಇನ್ಸುಲಿನ್ ಒಳಗೆ ಹೋಗಿಯೇ ಇರುವುದಿಲ್ಲ. ಡೋಸ್ ಏರಿಸುವ ಮೊದಲು ಹೊಟ್ಟೆಯ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿಕೋ. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಅಲ್ಲಿ ರಬ್ಬರಿನಂಥ ಗಂಟು ಬಂದಿರುತ್ತದೆ. ನೋವಾಗುವುದಿಲ್ಲ ಅಂತ ಜನ ಅಲ್ಲೇ ಚುಚ್ಚುತ್ತಾರೆ. ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ಅರ್ಧ ಬರುತ್ತದೆ, ಇನ್ನೊಂದು ದಿನ ತಡವಾಗಿ ಬರುತ್ತದೆ. ಆದರೆ ಗಂಟು ಬಿಟ್ಟು ಒಳ್ಳೆಯ ಚರ್ಮಕ್ಕೆ ಹೋದ ದಿನ ಹಳೆಯ ಡೋಸನ್ನೇ ಹಾಕಿದರೆ ಲೋ ಆಗಬಹುದು. ಡಾಕ್ಟರನ್ನು ಕೇಳಿ ಡೋಸ್ ಇಳಿಸಿಯೇ ಜಾಗ ಬದಲಿಸು. ಪ್ರತಿ ಸಲವೂ ಹಿಂದಿನ ಚುಚ್ಚಿದ ಗುರುತಿನಿಂದ ಒಂದು ಬೆರಳಗಲ ದೂರ ಸರಿ. ಇನ್ಸುಲಿನ್ ಪೆನ್ನಿಗೆ ಹೊಸ ಸೂಜಿ ಹಾಕಿ, 2 ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಬಂತೇ ನೋಡು. 4 ಮಿಲಿಮೀಟರ್ ಸೂಜಿಯಾದರೆ ನೇರವಾಗಿ ಚುಚ್ಚಿ, ಗುಂಡಿ ಪೂರ್ತಿ ಒತ್ತಿ, 10 ಎಣಿಸಿ ಹೊರತೆಗೆ. ಬೇಗ ಎಳೆದರೆ ಸೂಜಿಯ ತುದಿಯಲ್ಲಿ ತೊಟ್ಟಿಕ್ಕುವ ಹನಿಯೂ ನಿನ್ನ ಡೋಸೇ. ತೆರೆಯದ ಪೆನ್ನುಗಳು 2ರಿಂದ 8 ಡಿಗ್ರಿಯಲ್ಲಿರಲಿ. ಬಳಕೆಯಲ್ಲಿರುವುದನ್ನು ಹೊರಗಿಡಬಹುದು, ಹೆಚ್ಚಿನವು 28 ದಿನ ಬಾಳುತ್ತವೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವ ಹಾಗಿಲ್ಲ.

ಸೀಸೆ ಮತ್ತು ಸಿರಿಂಜ್ ಬಳಸುವ ಪ್ರಸಂಗ ಬಂದರೆ ಎರಡರ ಮೇಲಿನ ಸಂಖ್ಯೆಯನ್ನೂ ಓದು. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಯೂ ಇದೆ, 100 ಇರುವುದೂ ಇದೆ. 40ರ ಸಿರಿಂಜಿನಲ್ಲಿ 100ರ ಸೀಸೆಯಿಂದ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಅದಲು ಬದಲಾದರೆ ಹೋಗುವುದು ನಾಲ್ಕೇ.

ಬೇಸಲ್ ಸರಿಯಿದೆಯೇ ಅಂತ ನೀನೇ ನೋಡಬಹುದು. ಜ್ವರ, ಭಾರೀ ವ್ಯಾಯಾಮ, ಲೋ ಯಾವುದೂ ಇಲ್ಲದ ದಿನ ಆರಿಸಿಕೋ. ಬೋಲಸ್ (ಊಟಕ್ಕೆ ಹಾಕುವ ವೇಗದ ಇನ್ಸುಲಿನ್) ಹಾಕಿ ಸಂಜೆ 7ಕ್ಕೆ ಹೆಚ್ಚು ಕೊಬ್ಬಿಲ್ಲದ ಊಟ ಮುಗಿಸು, ಆಮೇಲೆ ಏನೂ ತಿನ್ನಬೇಡ. ರಾತ್ರಿ ಹನ್ನೊಂದೂವರೆಗೆ, 3ಕ್ಕೆ, ಬೆಳಗ್ಗೆ 7ಕ್ಕೆ ಶುಗರ್ ನೋಡಿ ಬರೆ. ಏರಿಳಿತ 30ರೊಳಗಿದ್ದರೆ ಬೇಸಲ್ ಚೆನ್ನಾಗಿದೆ. ನಡುವೆ 70ಕ್ಕಿಂತ ಕೆಳಗೆ ಬಂದರೆ ಪರೀಕ್ಷೆ ಅಲ್ಲಿಗೇ ಬಿಟ್ಟು 15 ಗ್ರಾಂ ಗ್ಲೂಕೋಸ್ ತಿನ್ನು, 15 ನಿಮಿಷ ಬಿಟ್ಟು ಮತ್ತೆ ನೋಡು. ಸಾಮಾನ್ಯವಾಗಿ ದಿನದ ಒಟ್ಟು ಡೋಸಿನಲ್ಲಿ ಬೇಸಲ್ ಅರ್ಧದ ಆಸುಪಾಸು ಇರುತ್ತದೆ. ಅದು ಮೂರರಲ್ಲಿ ಎರಡು ಪಾಲು ಆಗಿದ್ದರೆ, ಊಟಕ್ಕೆ ಹಾಕಬೇಕಾದ್ದನ್ನು ಬೇಸಲ್ ಹೊರುತ್ತಿದೆಯೋ ಏನೋ ಅಂತ ಅನುಮಾನಿಸಬೇಕು. ಅಂಥವರು ಒಂದು ಊಟ ತಪ್ಪಿಸಿದರೆ ಸಾಕು, ಶುಗರ್ ಕುಸಿಯುತ್ತದೆ.

ಊಟದ ನಂತರ ಎರಡು ಗಂಟೆಗೆ 220 ಕಂಡಿತು ಅಂತ ತಕ್ಷಣ ಇನ್ನೊಂದು ಡೋಸ್ ಚುಚ್ಚುವ ಚಪಲ ಬೇಡ. ವೇಗದ ಇನ್ಸುಲಿನ್ ನಾಲ್ಕು ಗಂಟೆಯವರೆಗೂ ಕೆಲಸ ಮಾಡುತ್ತಲೇ ಇರುತ್ತದೆ. ಉಪ್ಪು ಕರಗುವ ಮೊದಲೇ ರುಚಿ ನೋಡಿ ಮತ್ತೆ ಉಪ್ಪು ಹಾಕಿದ ಹಾಗಾಗುತ್ತದೆ.

ಒಂದು ದಿನದ ಓದು ನೋಡಿ ಬೇಸಲ್ ಬದಲಿಸಬೇಡ. ಅದೇ ಹೊತ್ತಿನಲ್ಲಿ ಮೂರು ದಿನ ಅದೇ ಬಗೆಯ ಏರಿಕೆ ಕಂಡರೆ ಆಗ ಶೇಕಡಾ 10ರಷ್ಟು ಬದಲಿಸು, ಅದೂ ನಿನ್ನ ಡಾಕ್ಟರು ಒಪ್ಪಿದ ಮಿತಿಯೊಳಗೆ. ಲೋ ಆಗಿದ್ದರೆ ಮಾತ್ರ ಮೂರು ದಿನ ಕಾಯಬೇಕಿಲ್ಲ, ಕಾರಣ ಸಿಗದಿದ್ದರೆ ಮರುದಿನವೇ ಇಳಿಸು. ಡೆಗ್ಲುಡೆಕ್ ಥರದ ಬೇಸಲ್ 42 ಗಂಟೆಗೂ ಮೀರಿ ಉಳಿಯುವುದರಿಂದ ಬದಲಾವಣೆಯ ಫಲ ತಿಳಿಯಲು ಮೂರ್ನಾಲ್ಕು ದಿನ ಬೇಕು. ಗ್ಲಾರ್ಜಿನ್ ಎಂಬ ಬೇಸಲ್ ಆದರೆ ಇನ್ನೂ ಬೇಗ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಬೇಸಲ್ಲೂ ಊಟದ ಅನುಪಾತವೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಅಂತ ಯಾರೂ ಹೇಳಲಾರರು.

ಮುಂದಿನ ಭೇಟಿಗೆ ಎರಡು ವಾರದ ಬರಹ ತೆಗೆದುಕೊಂಡು ಹೋಗು. ಒಂದು ಸಾಲಿಗೆ ಒಂದು ಹೊತ್ತು. ಸಮಯ, ಶುಗರ್, ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್, ಎಷ್ಟು ಯೂನಿಟ್, ಎಲ್ಲಿ ಚುಚ್ಚಿದೆ. ಪಕ್ಕದಲ್ಲಿ ಆಟ, ಜ್ವರ, ಮುಟ್ಟಿನ ತಾರೀಖು. ಹೊಟ್ಟೆಯ ಎಡಭಾಗ ಗಟ್ಟಿಯಾದಂತಿದೆ ಅಂದಿದ್ದೆಯಲ್ಲ, ಅದನ್ನು ಡಾಕ್ಟರಿಗೆ ಮುಟ್ಟಿಸಿ ತೋರಿಸು, ಬಾಯಲ್ಲಿ ಹೇಳಿದರೆ ಸಾಲದು. ಅಲ್ಲಿಯವರೆಗೆ ಆ ಕಡೆ ಚುಚ್ಚಬೇಡ. ಡೋಸ್ ಎಷ್ಟು ಇಳಿಸಬೇಕು ಅಂತ ಇವತ್ತೇ ಫೋನ್ ಮಾಡಿ ಕೇಳಿಕೊಂಡು ಬಲಗಡೆಗೆ ಬಾ. ಮೊದಲ ಎರಡು ರಾತ್ರಿ 3 ಗಂಟೆಗೆ ಅಲಾರಂ ಇಟ್ಟುಕೋ.

ಇಂತಿ,
ನಿನ್ನ ಅಪ್ಪ