ಜ್ಯುಬಿಲಿ ಸರ್ಕಲ್‌ನ ಆ ತಂಗಿಗೆ

31 ವರ್ಷ ಇತಿಹಾಸ ಪಾಠ ಮಾಡಿದೆ. ಕೊನೆಯ 4 ವರ್ಷ ಕಲಾ ವಿಭಾಗದ ಡೀನ್ ಆಗಿದ್ದೆ. ನಿವೃತ್ತಿಯ ದಿನ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಟಿಪ್ಪಣಿಗಳ ಚೀಲವನ್ನು ಚಿಗರಿ ಬಸ್ಸಿನಲ್ಲೇ ಮರೆತು ಜ್ಯುಬಿಲಿ ಸರ್ಕಲ್ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಜೋರು ಮಳೆ. ಡೀನ್ ಕಡತ ಹೋದರೆ ಹೋಗಲಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯದ ಮುಂದೆ, ವಿದ್ಯಾರ್ಥಿಗಳ ಜೊತೆ ನಿಂತು ಬರೆದುಕೊಂಡದ್ದು ಮತ್ತೆ ಸಿಗುತ್ತದಾ?

ಟಿಕೆಟ್ ಕೌಂಟರಿನ ತಂಗಿ, ನೀವು ಮೊದಲು ನನ್ನನ್ನು ಕೂರಿಸಿ ನೀರು ಕೊಟ್ಟಿರಿ. ಆಮೇಲೆ ಫೋನ್ ಮೇಲೆ ಫೋನ್. ವಾಪಸ್ ಬಸ್ಸಿನಲ್ಲಿ ಚೀಲ ಬಂತು. ಒದ್ದೆ ಹಾಳೆಗಳನ್ನು ನಿಮ್ಮ ದುಪಟ್ಟಾದಿಂದ ಒತ್ತಿ ಒತ್ತಿ ಒರೆಸಿದಿರಿ. ಪುಟದ ನಂಬರ್ ನೋಡಿ ಜೋಡಿಸಿದಿರಿ. "ಸರ, 42ನೇ ಹಾಳಿ ಒಂದ ಸಿಗಲಿಲ್ರಿ" ಅಂದಾಗ ನಿಮ್ಮ ಮುಖ ಸಣ್ಣದಾಗಿತ್ತು.

ಗಡಿಬಿಡಿಯಲ್ಲಿ ಹೆಸರೂ ಕೇಳಲಿಲ್ಲ. ಆ ಹಾಳೆ ಮನೆಯಲ್ಲಿ, ನನ್ನ ಮೇಜಿನ ಮೇಲೇ ಇತ್ತು ತಂಗಿ.